ಬಟನ್ ಟೈರ್ ಹಾಕಿಸೋ ಮುಂಚೆ: ಎರೆಮಣ್ಣು, ಫರ್ಸಿ ಕಲ್ಲು ಮತ್ತು ನಮ್ಮ ಗಾಡಿ

ಇಯರ್‌ಫೋನ್ ಹಾಕ್ಕೊಂಡು ಗಾಡಿ ಓಡಿಸ್ತಾ ಕೇಳ್ತಿದ್ರೆ ಮೊದಲು ಗಾಡಿ ಸೈಡಿಗೆ ಹಾಕಿ. ಇವತ್ತಿನ ವಿಷಯ ಗಾಡೀದೇ, ಆದರೆ ನಿಂತು ಕೇಳೋ ವಿಷಯ.

ಹೋದ ಮಳೆಗಾಲದಲ್ಲಿ ಚಿತ್ತಾಪುರ ಕಡೆ ಗೆಳೆಯನೊಬ್ಬನ ತೊಗರಿ ಹೊಲಕ್ಕೆ ಹೊರಟಿದ್ವಿ. ಎರಡು ಗಾಡಿ. ಅವನದು ಹಳೇ ಸ್ಪ್ಲೆಂಡರ್, ಅರ್ಧ ಸವೆದ ಟೈರ್. ನನ್ನದೂ ದಿನಾ ಆಫೀಸಿಗೆ ಹೋಗೋ ಸಾದಾ ಗಾಡಿನೇ, ಆದರೆ ಎರಡು ವಾರದ ಹಿಂದಷ್ಟೇ ಹಿಂದೆ ಮುಂದೆ ಎರಡಕ್ಕೂ ಹೊಸ ಬಟನ್ ಟೈರ್ ಹಾಕಿಸಿದ್ದೆ. ರೀಲ್ಸ್ ನೋಡಿ ಹಾಕಿಸಿದ್ದು ಅಂತ ಒಪ್ಕೋತೀನಿ. ಡಾಂಬರು ಮುಗಿದು ಹೊಲದ ದಾರಿ ಶುರುವಾಗಿ ಇನ್ನೂರು ಮೀಟರ್ ಆಗಿರಲಿಲ್ಲ, ನನ್ನ ಗಾಡಿ ನಿಂತುಬಿಟ್ಟಿತು. ಜಾರಲಿಲ್ಲ, ಬೀಳಲಿಲ್ಲ. ಇಂಜಿನ್ ಓಡ್ತಾ ಇದೆ, ಮುಂದಿನ ಗಾಲಿ ಮಾತ್ರ ತಿರುಗ್ತಿಲ್ಲ. ಗೆಳೆಯ ಒದ್ದಾಡ್ತಾ ಆದರೂ ಇನ್ನಷ್ಟು ದೂರ ಹೋಗಿದ್ದ.

ಹೊಲದ ಬದುವಿನ ಮೇಲೆ ನಿಂತಿದ್ದ ಕಾಕಾ ಒಬ್ಬರು ಬಂದು ನೋಡಿದ್ರು. ಮುಂದಿನ ಮಡ್‌ಗಾರ್ಡ್ ಒಳಗೆ ಕಟ್ಟಿಗೆ ತುಂಡು ಹಾಕಿ ರಾಡಿ ಕೀಳ್ತಾ ಹೇಳಿದ್ರು: “ತಮ್ಮಾ, ಟೈರ್ ಏನೋ ಭಾರಿ ಹಾಕ್ಸೀದಿ. ಖರೆ ಗಾಲಿ ತಿರಗಲಿಕ್ಕೆ ಜಾಗಾನೇ ಇಲ್ಲಲ್ಲೋ.”

ಈ ಸಂಚಿಕೆಯಲ್ಲಿ ನಾನು ಹೇಳಬೇಕಾಗಿರೋದು ಬಹುತೇಕ ಆ ಒಂದು ಮಾತಿನಲ್ಲೇ ಇದೆ. ಟೈರ್ ಅಂದ ತಕ್ಷಣ ನಾವು ರಬ್ಬರ್ ನೋಡ್ತೀವಿ, ಆ ಉಬ್ಬಿದ ಗುಂಡಿಗಳನ್ನು ನೋಡ್ತೀವಿ. ಮಣ್ಣಿನ ದಾರಿಯಲ್ಲಿ ರಬ್ಬರ್‌ನಷ್ಟೇ ಕೆಲಸ ಮಾಡೋದು ಗುಂಡಿ ಗುಂಡಿ ನಡುವಿನ ಖಾಲಿ ಜಾಗ. ಎಷ್ಟು ಖಾಲಿ ಬೇಕು ಅನ್ನೋದನ್ನ ನೆಲ ಹೇಳಬೇಕು. ನಮ್ಮಲ್ಲಿ ತೊಂದರೆ ಏನಂದ್ರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಇಷ್ಟನ್ನೂ ಒಂದೇ ದಿನದಲ್ಲಿ ಸುತ್ತಿ ಬರಬಹುದು, ಆದರೆ ಅಷ್ಟರಲ್ಲಿ ನೆಲ ಮೂರು ಸಲ ಬದಲಾಗುತ್ತೆ.

ಮೊದಲು ಹಿಡಿತ ಅಂದ್ರೆ ಏನು ನೋಡೋಣ. ಡಾಂಬರು ಅಥವಾ ಸಿಮೆಂಟ್ ರಸ್ತೆಯಲ್ಲಿ ರಬ್ಬರ್ ನೆಲಕ್ಕೆ ಅಂಟಿಕೊಂಡ ಹಾಗೆ ಹಿಡಿಯುತ್ತೆ. ಅಲ್ಲಿನ ಸಣ್ಣ ಸಣ್ಣ ಉಬ್ಬುತಗ್ಗಿನೊಳಗೆ ರಬ್ಬರ್ ಒತ್ತಿಕೊಂಡು ಕೂರುತ್ತೆ. ಒಣ ರಸ್ತೆಯಲ್ಲಿ ನೆಲಕ್ಕೆ ತಾಗೋ ರಬ್ಬರ್ ಹೆಚ್ಚಿದ್ದಷ್ಟೂ ಒಳ್ಳೇದು. ರೇಸ್ ಟ್ರ್ಯಾಕ್‌ನಲ್ಲಿ ಓಡೋ ಗಾಡಿಗಳ ಟೈರ್ ಪೂರ್ತಿ ನುಣುಪಾಗಿರೋದು ಇದಕ್ಕೇ. ರಸ್ತೆ ಟೈರ್‌ನಲ್ಲಿರೋ ಗೆರೆಗಳು ಮುಖ್ಯವಾಗಿ ಮಳೆ ನೀರು ಹೊರಗೆ ಹೋಗಲಿ ಅಂತ.

ಮೆತ್ತನೆ ಮಣ್ಣಿನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗುಂಡಿ ಮಣ್ಣಿನೊಳಗೆ ಇಳಿದು, ತನ್ನ ಹಿಂದಿರೋ ಮಣ್ಣನ್ನ ಒದ್ದು ಗಾಡಿಯನ್ನ ಮುಂದೆ ತಳ್ಳುತ್ತೆ. ಗುಂಡಿ ಒದೆಯೋದಕ್ಕೆ ಮಣ್ಣಿನದೊಂದು ಗೋಡೆ ಬೇಕು. ಆ ಗೋಡೆ ಇರೋದು ಎರಡು ಗುಂಡಿಗಳ ನಡುವಿನ ಖಾಲಿ ಜಾಗದಲ್ಲಿ. ಅದಕ್ಕೇ ಮೆತ್ತನೆ ನೆಲದ ಟೈರ್‌ನಲ್ಲಿ ಗುಂಡಿ ಎತ್ತರ, ಸಂಖ್ಯೆ ಕಡಿಮೆ, ನಡುವಿನ ಅಂತರ ಜಾಸ್ತಿ. ಗಟ್ಟಿ ನೆಲದ ಟೈರ್‌ನಲ್ಲಿ ಗುಂಡಿ ಗಿಡ್ಡ, ಒತ್ತೊತ್ತಾಗಿ. ಮೋಟೋಕ್ರಾಸ್ ಟೈರ್‌ಗಳನ್ನು ಮೆತ್ತನೆ ನೆಲಕ್ಕೆ, ಮಧ್ಯಮಕ್ಕೆ, ಗಟ್ಟಿ ನೆಲಕ್ಕೆ ಅಂತ ಬೇರೆ ಬೇರೆ ಮಾಡಿ ಮಾರೋದೂ ಇದೇ ಕಾರಣಕ್ಕೆ. ಇದರಲ್ಲೊಂದು ಉಲ್ಟಾ ವಿಷಯ ಇದೆ: ಸಾಮಾನ್ಯವಾಗಿ ಮೆತ್ತನೆ ನೆಲದ ಟೈರ್‌ಗೆ ಗಟ್ಟಿ ರಬ್ಬರ್, ಗಟ್ಟಿ ನೆಲದ ಟೈರ್‌ಗೆ ಮೆತ್ತನೆ ರಬ್ಬರ್. ಮಣ್ಣನ್ನು ಅಗೆಯೋ ಗುಂಡಿ ಬಾಗಬಾರದು, ಕಲ್ಲನ್ನು ತಬ್ಬೋ ಗುಂಡಿ ಬಾಗಬೇಕು.

ಹಾಗಾದ್ರೆ ಅಂತರ ಜಾಸ್ತಿ ಇರೋ ನನ್ನ ಬಟನ್ ಟೈರ್ ಎರೆಮಣ್ಣಿನಲ್ಲಿ ಯಾಕೆ ಸೋತಿತು?

ಎರೆಮಣ್ಣು ಸಾಮಾನ್ಯ ಕೆಸರಲ್ಲ. ಇದರಲ್ಲಿ ಮಾಂಟ್ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇರುತ್ತೆ. ಅದರ ಕಣಗಳು ಪುಸ್ತಕದ ಹಾಳೆ ಥರ ಪದರ ಪದರ. ನೀರು ಆ ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತೆ. ಬೇಸಿಗೆಯಲ್ಲಿ ಕಾಲು ಸಿಕ್ಕೊಳ್ಳೋ ಬಿರುಕು ಬಿಡೋ ಹೊಲ, ಮಳೆಗಾಲದಲ್ಲಿ ಚಪ್ಪಲಿ ಕಿತ್ಕೊಳ್ಳೋ ಹೊಲ, ಎರಡೂ ಒಂದೇ. ತೊಗರಿಗೆ ಇದು ಬಂಗಾರದ ಭೂಮಿ, ತೇವ ಹಿಡಿದಿಟ್ಟುಕೊಳ್ಳುತ್ತೆ. ಗಾಡಿಗೆ ಮಾತ್ರ ಎರಡು ಕಡೆಯಿಂದ ಹೊಡೆತ. ಒಂದು, ಪೂರ್ತಿ ನೆಂದಾಗ ಮಣ್ಣಿನ ಗೋಡೆಗೆ ಶಕ್ತಿನೇ ಇರಲ್ಲ, ಗುಂಡಿ ಒದ್ದರೆ ಗೋಡೆ ಕುಸಿಯುತ್ತೆ. ಇನ್ನೊಂದು, ಅಂಟು. ಖಾಲಿ ಜಾಗದೊಳಗೆ ಹೊಕ್ಕ ಮಣ್ಣು ಹೊರಗೆ ಬರೋದೇ ಇಲ್ಲ. ಹತ್ತಿಪ್ಪತ್ತು ಸುತ್ತಿನಲ್ಲಿ ಖಾಲಿ ಜಾಗ ತುಂಬಿ, ನಿಮ್ಮ ದುಬಾರಿ ಬಟನ್ ಟೈರ್ ಒಂದು ಕರೀ ಡ್ರಮ್ ಆಗಿರುತ್ತೆ. ಆಮೇಲೆ ಬಟನ್ ಟೈರ್‌ಗೂ ಬೋಳು ಟೈರ್‌ಗೂ ವ್ಯತ್ಯಾಸ ಇಲ್ಲ.

ಟೈರ್ ತನ್ನನ್ನು ತಾನೇ ಸ್ವಚ್ಛ ಮಾಡ್ಕೊಳ್ಳುತ್ತೆ ಅಂತ ಜಾಹೀರಾತಿನಲ್ಲಿ ಬರೀತಾರಲ್ಲ, ಅದು ಸುಳ್ಳಲ್ಲ. ಆದರೆ ಅದಕ್ಕೆ ಸ್ಪೀಡ್ ಬೇಕು. ಗಾಲಿ ತಿರುಗಿದಾಗ ಮಣ್ಣು ಹೊರಗೆ ಚಿಮ್ಮೋ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ನಾಲ್ಕು ಪಟ್ಟಾದ್ರೆ ಬಲ ಹದಿನಾರು ಪಟ್ಟು. ನಮ್ಮ ಗಾಡಿಗಳ ಗಾಲಿಯ ಗಾತ್ರಕ್ಕೆ ಲೆಕ್ಕ ಹಾಕಿದ್ರೆ, ಗಂಟೆಗೆ 10 ಕಿ.ಮೀ. ವೇಗದಲ್ಲಿ ಮಣ್ಣಿನ ಉಂಡೆಯನ್ನು ಹೊರಗೆ ಎಳೆಯೋ ಬಲ ಅದರ ತೂಕದ ಸುಮಾರು ಎರಡೂವರೆ ಪಟ್ಟು. 40ರಲ್ಲಿ ಸುಮಾರು 40 ಪಟ್ಟು. ಮೋಟೋಕ್ರಾಸ್ ಟ್ರ್ಯಾಕ್‌ನಲ್ಲಿ ಅಷ್ಟು ವೇಗ ಸಿಗುತ್ತೆ. ಹೊಲದ ದಾರಿಯಲ್ಲಿ ಹಿಂದೆ ಗೊಬ್ಬರದ ಚೀಲ ಕಟ್ಕೊಂಡು 40ರಲ್ಲಿ ಹೋಗೋರು ಯಾರಿದ್ದಾರೆ?

ಹಿಂದಿನ ಗಾಲಿಗಾದ್ರೂ ಒಂದು ಉಪಾಯ ಇದೆ, ಆಕ್ಸಿಲರೇಟರ್ ಕೊಟ್ಟು ನಿಂತಲ್ಲೇ ಜೋರಾಗಿ ತಿರುಗಿಸಿ ರಾಡಿ ಹಾರಿಸಬಹುದು. ಮುಂದಿನ ಗಾಲಿಗೆ ಅದೂ ಇಲ್ಲ, ಗಾಡಿ ಎಷ್ಟು ವೇಗದಲ್ಲಿ ಹೋಗುತ್ತೋ ಅದೂ ಅಷ್ಟೇ ತಿರುಗುತ್ತೆ. ಅದಕ್ಕೇ ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳೋದು ಮುಂದಿನ ಗಾಲಿ. ಇನ್ನು ಮಡ್‌ಗಾರ್ಡ್. ಡರ್ಟ್ ಬೈಕ್‌ಗಳ ಮುಂದಿನ ಮಡ್‌ಗಾರ್ಡ್ ಟೈರ್‌ಗೆ ತಾಗಿಕೊಂಡಿರದೆ ಮೇಲೆ, ಹೆಡ್‌ಲೈಟ್ ಕೆಳಗೆ ಇರುತ್ತಲ್ಲ, ಅದು ಸ್ಟೈಲ್‌ಗಲ್ಲ. ನಮ್ಮ ದಿನಬಳಕೆ ಗಾಡಿಗಳಲ್ಲಿ ಮಡ್‌ಗಾರ್ಡ್‌ಗೂ ಟೈರ್‌ಗೂ ನಡುವೆ ಬೆರಳು ತೂರಿಸುವಷ್ಟು ಜಾಗ. ನಾನು ಮಾಡಿದ ತಪ್ಪು ಗೊತ್ತಾಯ್ತಲ್ಲ? ಎತ್ತರದ ಗುಂಡಿ ಹಾಕಿಸಿ ಆ ಜಾಗವನ್ನೂ ತಿಂದುಹಾಕಿದ್ದೆ. ಗೆಳೆಯನ ಸವೆದ ಟೈರ್‌ಗೆ ನನ್ನದಕ್ಕಿಂತ ಹೆಚ್ಚು ಜಾಗ ಇತ್ತು, ಅಷ್ಟೇ.

ಅಂಟು ಮಣ್ಣಿನ ಟೈರ್ ಹೇಗಿರಬೇಕು ಅನ್ನೋದಕ್ಕೆ ದೂರ ಹೋಗೋದು ಬೇಡ, ಊರಿನ ಟ್ರ್ಯಾಕ್ಟರ್ ಹಿಂದಿನ ಗಾಲಿ ನೋಡಿ. ಓರೆಯಾಗಿ, ಬಾಣದ ಆಕಾರದಲ್ಲಿ ಉದ್ದುದ್ದ ಪಟ್ಟಿಗಳು. ಎರಡು ಪಟ್ಟಿ ನಡುವಿನ ಓಣಿ ಟೈರ್‌ನ ಅಂಚಿನವರೆಗೂ ತೆರೆದೇ ಇರುತ್ತೆ, ಮಣ್ಣು ಪಕ್ಕಕ್ಕೆ ಜಾರಿಹೋಗಲಿ ಅಂತ. ಬೈಕ್ ಟೈರ್ ಕೊಳ್ಳುವಾಗಲೂ ಇದನ್ನೇ ನೋಡಬೇಕು. ನಾಲ್ಕೂ ಕಡೆ ಗುಂಡಿಗಳಿಂದ ಮುಚ್ಚಿದ ಚೌಕದಲ್ಲಿ ಹೊಕ್ಕ ಎರೆಮಣ್ಣು ಅಲ್ಲೇ ಇಟ್ಟಂಗಿ ಆಗುತ್ತೆ. ನಡುವಿನಿಂದ ಅಂಚಿನ ತನಕ ಓಣಿ ತೆರೆದಿದ್ರೆ ಸ್ವಲ್ಪವಾದ್ರೂ ಉದುರುತ್ತೆ.

ಅಗಲದ ಟೈರ್ ಒಳ್ಳೇದು ಅನ್ನೋ ನಂಬಿಕೆ ಬಗ್ಗೆಯೂ ಹೇಳಿಬಿಡ್ತೀನಿ. ಹಳೇ ಎತ್ತಿನ ಬಂಡಿಯ ಗಾಲಿ ನೆನಪಿಸಿಕೊಳ್ಳಿ. ಎತ್ತರ, ಆದರೆ ತೆಳ್ಳಗೆ, ಕಬ್ಬಿಣದ ಪಟ್ಟಿ. ಮೇಲಿನ ರಾಡಿಯನ್ನ ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ. ಹೀರೋ ಎಕ್ಸ್‌ಪಲ್ಸ್ 200 ಗಾಡಿಯ ಮುಂದಿನ ಟೈರ್ 90/90-21 ಇರೋದೂ ಅದೇ ತರ್ಕಕ್ಕೆ. 21 ಇಂಚಿನ ದೊಡ್ಡ ರಿಮ್, ಅಗಲ ಬರೀ 90 ಮಿ.ಮೀ. ಸೇಡಂ ಕಡೆ ಕಲ್ಲಿನ ಖಣಿಗಳ ಅಂಚಿನಲ್ಲಿ ನಿಂತು ನೋಡಿದ್ರೆ ಮೇಲೆ ಕರಿ ಮಣ್ಣಿನ ಪದರ, ಅದರ ಕೆಳಗೆ ಚಪ್ಪಟೆ ಸುಣ್ಣದಕಲ್ಲು ಕಾಣುತ್ತೆ. ಮಣ್ಣು ತೆಳುವಾಗಿರೋ ಕಡೆ ಸಪೂರ ಗಾಲಿಗೆ ತಳ ಸಿಗುತ್ತೆ. ಆಳವಾದ ಎರೆ ಹೊಲದಲ್ಲಿ ತಳವೇ ಸಿಗಲ್ಲ, ಅಲ್ಲಿ ಯಾವ ಟೈರ್ ಹಾಕಿದ್ರೂ ಬಿಸಿಲು ಬಿದ್ದು ಮೇಲ್ಪದರ ಗಟ್ಟಿಯಾಗೋ ತನಕ ಕಾಯಬೇಕು. ಸಾವಿರಾರು ರೂಪಾಯಿ ಸುರಿದ ಮೇಲೆ ಇದನ್ನು ಹೇಳೋಕೆ ನನಗೂ ಬೇಜಾರೇ.

ಈಗ ವಾಡಿ, ಶಹಾಬಾದ್ ಕಡೆ ಬನ್ನಿ. ಇಲ್ಲಿ ಮಣ್ಣಿಗಿಂತ ಕಲ್ಲಿನದೇ ಆಟ. ಶಹಾಬಾದ್ ಕಲ್ಲು ಅಂತ ಊರೂರಿನ ಮನೆಗಳ ನೆಲಕ್ಕೆ ಹೋಗೋ ಫರ್ಸಿ ಇಲ್ಲಿನದು. ಅದೇ ಸುಣ್ಣದಕಲ್ಲಿನಿಂದ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಡೀತಿವೆ. ಲಾರಿಗಳಿಂದ ಉದುರೋ ಪುಡಿ, ಕಲ್ಲು ಕತ್ತರಿಸೋ, ಪಾಲಿಶ್ ಮಾಡೋ ಕಡೆಯಿಂದ ಹರಿದು ಬರೋ ಬಿಳೀ ನೀರು, ಎಲ್ಲಾ ರಸ್ತೆ ಮೇಲೆ. ಒಣಗಿದ್ದಾಗ ಬರೀ ಧೂಳು. ಮೊದಲ ಹನಿ ಬಿದ್ದಾಗ ಅದು ಗ್ರೀಸ್.

ನಾನು ಬಿದ್ದಿದ್ದು ಇಲ್ಲೇ. ಹೊಲದಲ್ಲಿ ಸಿಕ್ಕಿಬಿದ್ದ ಮುಂದಿನ ವಾರ, ಕಲ್ಲಿನ ಯಾರ್ಡ್ ಒಂದರ ಮುಂದಿನ ತಿರುವಿನಲ್ಲಿ. ಸ್ಪೀಡ್ 30 ಕೂಡ ಇರಲಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂತು, ಮುಂದಿನ ಬ್ರೇಕ್ ಹಿಡಿದೆ, ಗಾಡಿ ಒಂದು ಕಡೆ ನಾನು ಒಂದು ಕಡೆ. ಟ್ರ್ಯಾಕ್ಟರ್ ಓಡಿಸ್ತಿದ್ದ ಅಣ್ಣ ಟಕ್ಕನೆ ನಿಲ್ಲಿಸಿದ್ದಕ್ಕೆ ಇವತ್ತು ಇದನ್ನೆಲ್ಲ ಹೇಳ್ತಿದ್ದೀನಿ. ಮೊಣಕೈ ಚರ್ಮ ಹೋಯ್ತು, ಹೆಲ್ಮೆಟ್ ಗೀರಿತು, ಹಿಂಡಿಕಡ್ಡಿ ಥರ ಹ್ಯಾಂಡಲ್ ಸೊಟ್ಟಗಾಯ್ತು.

ಯಾಕಾಯ್ತು ಅಂದ್ರೆ, ಬಟನ್ ಟೈರ್ ಗಟ್ಟಿ ನೆಲದ ಮೇಲೆ ನಿಂತಾಗ ಮುಟ್ಟೋದು ಗುಂಡಿಗಳ ತುದಿ ಮಾತ್ರ. ರಸ್ತೆ ಟೈರ್‌ಗೆ ಹೋಲಿಸಿದ್ರೆ ತಾಗೋ ರಬ್ಬರ್ ತುಂಬಾ ಕಡಿಮೆ. ಮೇಲಿಂದ, ಬ್ರೇಕ್ ಹಿಡಿದಾಗ ಎತ್ತರದ ಗುಂಡಿ ಮುಂದಕ್ಕೆ ಬಾಗುತ್ತೆ, ಪೂರ್ತಿ ತಲೆ ಹೋಗಿ ಬರೀ ಅಂಚು ನೆಲದ ಮೇಲೆ ಉಳಿಯುತ್ತೆ. ತಿರುವಿನಲ್ಲಿ ಗಾಡಿ ವಾಲಿಸಿದ್ರೆ ಪಕ್ಕಕ್ಕೆ ಬಾಗುತ್ತೆ. ಬಟನ್ ಟೈರ್ ಹಾಕಿದ ಹೊಸದರಲ್ಲಿ ಗಾಡಿ ತೇಲಿದ ಹಾಗೆ, ನಡುಗಿದ ಹಾಗೆ ಅನ್ಸೋದು ಇದಕ್ಕೇ. ಹೀಗೆ ಬಾಗಿ ಬಾಗಿ ರಬ್ಬರ್ ಬಿಸಿಯಾಗಿ, ಗುಂಡಿಯ ಒಂದೇ ಬದಿ ಸವೆಯುತ್ತೆ. ಡಾಂಬರಿನಲ್ಲೇ ಓಡಾಡಿದ್ರೆ ಬಟನ್ ಟೈರ್ ಬೇಗ ಮುಗಿಯೋದರ ಗುಟ್ಟು ಅದೇ. ಒಳ್ಳೇ ಟೈರ್‌ಗಳಲ್ಲಿ ಗುಂಡಿ ಬುಡದಲ್ಲಿ ಒಂದನ್ನೊಂದು ಜೋಡಿಸೋ ಸಣ್ಣ ರಬ್ಬರ್ ಸೇತುವೆ ಇರುತ್ತೆ, ಬಾಗೋದನ್ನ ತಡೆಯೋಕೆ. ಅಂಗಡಿಯಲ್ಲಿ ಬೆರಳಿಂದ ಗುಂಡಿ ತಳ್ಳಿ ನೋಡಿ, ಗೊತ್ತಾಗುತ್ತೆ.

ಬರೀ ಕಲ್ಲಿನ ಮೇಲೆ ಹತ್ತಿಳಿಯೋ ಆಟವೊಂದಿದೆ, ಟ್ರಯಲ್ಸ್ ಅಂತಾರೆ. ಬಂಡೆ ಹತ್ತೋಕೆ ಅವರು ರಾಕ್ಷಸ ಗುಂಡಿ ಹಾಕಿರ್ತಾರೆ ಅಂದ್ಕೊಂಡಿದ್ದೆ. ಇಲ್ಲ. ಗಿಡ್ಡ, ಚೌಕ, ಒತ್ತೊತ್ತಾದ ಗುಂಡಿ, ತುಂಬಾ ಮೆತ್ತನೆ ರಬ್ಬರ್. ಹವಾ ಹಿಂದಿನ ಗಾಲಿಗೆ ಐದು ಪಿಎಸ್‌ಐ ಆಸುಪಾಸು, ಅಂದ್ರೆ ಕೈಯಿಂದ ಒತ್ತಿದ್ರೂ ತಗ್ಗೋ ಅಷ್ಟು. ಕಲ್ಲಿಗೆ ಬೇಕಾಗಿರೋದು ತಬ್ಬಿಕೊಳ್ಳೋ ರಬ್ಬರ್. ಇದನ್ನ ಕೇಳಿ ನಾಳೆ ನಿಮ್ಮ ಗಾಡಿಯ ಹವಾ ಇಳಿಸೋಕೆ ಹೋಗಬೇಡಿ ಮತ್ತೆ. ಆ ಗಾಡಿಗಳು ತುಂಬಾ ಹಗುರ, ನಡೆಯೋ ವೇಗದಲ್ಲಿ ಹೋಗ್ತವೆ. ನಮ್ಮ ಗಾಡಿಯಲ್ಲಿ ಹವಾ ಕಡಿಮೆ ಮಾಡಿ ಖಣಿಯ ಚೂಪು ಕಲ್ಲಿನ ಮೇಲೆ ಹೋದ್ರೆ ಟ್ಯೂಬ್ ಕಲ್ಲಿಗೂ ರಿಮ್‌ಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತೆ. ಅಲಾಯ್ ಗಾಲಿ ಆದ್ರೆ ಬಿರುಕು ಬಿಡಬಹುದು. ಹೊಲದ ಮೆತ್ತನೆ ದಾರಿಯಲ್ಲಿ ಎರಡು ಮೂರು ಪಿಎಸ್‌ಐ ಇಳಿಸಿದ್ರೆ ಲಾಭ ಇದೆ, ಟೈರ್ ಸ್ವಲ್ಪ ಹರಡಿಕೊಂಡು ನೆಲ ಹಿಡಿಯುತ್ತೆ. ಆದರೆ ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ವಾಡಿ, ಶಹಾಬಾದ್ ಕಡೆ ಇಳಿಸಲೇಬೇಡಿ.

ಚಿಂಚೋಳಿಗೆ ಹೋದ್ರೆ ಮೂರನೇ ನೆಲ. ಗುಡ್ಡ, ಕೆಂಪು ಜಂಬಿಟ್ಟಿಗೆ ಮಣ್ಣು, ದಾರಿ ಮೇಲೆ ಉರುಳೋ ಸಣ್ಣ ಗರಸು. ಎರೆಯ ಹಾಗೆ ಅಂಟಲ್ಲ, ಫರ್ಸಿಯ ಹಾಗೆ ನುಣುಪೂ ಅಲ್ಲ. ಗಟ್ಟಿ ನೆಲದ ಮೇಲೆ ಗೋಲಿ ಚೆಲ್ಲಿದ ಹಾಗೆ. ನಿಜ ಹೇಳಬೇಕಂದ್ರೆ ಬಟನ್ ಟೈರ್‌ಗೆ ನಮ್ಮ ಭಾಗದಲ್ಲಿ ಸರಿಯಾದ ಜಾಗ ಇದೊಂದೇ. ಗುಂಡಿಯ ಅಂಚು ಗರಸನ್ನು ಸರಿಸಿ ಕೆಳಗಿನ ನೆಲ ಹಿಡಿಯುತ್ತೆ, ಹೊಕ್ಕ ಕಲ್ಲುಪುಡಿ ತಾನೇ ಉದುರುತ್ತೆ. ಇಲ್ಲಿ ಪಕ್ಕದ ಗುಂಡಿಗಳು ಮುಖ್ಯ, ತಿರುವಿನಲ್ಲಿ ಗಾಡಿ ನಿಲ್ಲೋದು ಅವುಗಳ ಮೇಲೆ.

ಇಲ್ಲಿ ಬಾಣದ ಗುರುತಿನ ವಿಷಯ. ಟೈರ್ ಪಕ್ಕದಲ್ಲಿ ಯಾವ ಕಡೆ ತಿರುಗಬೇಕು ಅಂತ ಬಾಣ ಇರುತ್ತೆ. ಹಿಂದಿನ ಗಾಲಿಯ ಕೆಲಸ ತಳ್ಳೋದು, ಅದರ ಗುಂಡಿಗಳಿಗೆ ಅಡ್ಡ ಅಂಚು ಅಗಲ. ಮುಂದಿನದರ ಕೆಲಸ ತಿರುಗಿಸೋದು, ಬ್ರೇಕ್ ಹಿಡಿಯೋದು, ಅದಕ್ಕೆ ಉದ್ದ ಅಂಚು ಜಾಸ್ತಿ. ತಳ್ಳೋ ಬಲ ಒಂದು ದಿಕ್ಕು, ಬ್ರೇಕ್ ಬಲ ಅದಕ್ಕೆ ಉಲ್ಟಾ, ಹಾಗಾಗಿ ಒಂದೇ ಮಾದರಿಯ ಟೈರ್‌ನಲ್ಲೂ ಹಿಂದೆ ಮುಂದೆ ಹಾಕುವಾಗ ಬಾಣದ ದಿಕ್ಕು ಬೇರೆ ಇರಬಹುದು. ಗಡಿಬಿಡಿಯಲ್ಲಿ ಪಂಕ್ಚರ್ ತೆಗೆದವರು ಉಲ್ಟಾ ಕೂರಿಸಿಬಿಡ್ತಾರೆ. ಗಾಡಿ ತಗೊಳ್ಳೋ ಮುಂಚೆ ಒಂದು ಸಲ ಬಗ್ಗಿ ನೋಡಿ.

ಚಿಂಚೋಳಿ ಬಗ್ಗೆ ಇನ್ನೊಂದು ಮಾತು, ಇದು ಟೈರ್‌ಗೆ ಸಂಬಂಧಿಸಿದ್ದಲ್ಲ. ಅಲ್ಲಿ ಕಾಡಿನ ಒಂದು ಭಾಗ ವನ್ಯಜೀವಿಧಾಮ. ಚಂದ್ರಂಪಳ್ಳಿ ಡ್ಯಾಮ್ ನೋಡೋಕೆ ಹೋಗಿ, ರಸ್ತೆಯಲ್ಲಿ ಹೋಗಿ. ಕಾಡೊಳಗೆ ಗಾಡಿ ನುಗ್ಗಿಸಿ ರೀಲ್ಸ್ ಮಾಡೋದು ಕಾನೂನಿನ ಪ್ರಕಾರ ತಪ್ಪು. ಮಳೆಯಲ್ಲಿ ಗುಂಡಿ ಕೊರೆದ ಗೆರೆಯಲ್ಲೇ ನೀರು ಹರಿದು ಮಣ್ಣು ಕೊಚ್ಚಿಹೋಗುತ್ತೆ ಕೂಡ.

ಕೇಳುಗರೊಬ್ಬರು ಸೇಡಂನಿಂದ ಮೆಸೇಜ್ ಹಾಕಿದ್ರು: “ಅಣ್ಣಾ, ಸ್ಪ್ಲೆಂಡರ್‌ಗೆ ಬಟನ್ ಟೈರ್ ಹಾಕಿಸ್ಲಾ?” ಹಾಕಿಸಬಹುದು, ಆದರೆ ಒಂದು ವಾರ ನೀವು ಎಲ್ಲೆಲ್ಲಿ ಓಡಾಡ್ತೀರಿ ಅಂತ ಬರೆದಿಟ್ಟು ಆಮೇಲೆ ಹೇಳಿ. ನಾನು ಹಾಗೆ ಬರೆದಾಗ ಹತ್ತರಲ್ಲಿ ಎಂಟು ಭಾಗ ಡಾಂಬರು, ಸಿಮೆಂಟ್ ರಸ್ತೆ ಅಂತ ಬಂತು. ಉಳಿದ ಎರಡರಲ್ಲಿ ಒಂದು ಎರೆ, ಅಲ್ಲಿ ಯಾವ ಟೈರ್ ಆದ್ರೂ ಅಷ್ಟೇ. ನಿಮ್ಮ ಲೆಕ್ಕವೂ ಹೀಗೇ ಬಂದ್ರೆ ಪೂರ್ತಿ ಬಟನ್ ಟೈರ್ ಬೇಡ. ಎರಡೂ ಕಡೆ ನಡೆಯೋ ಟೈರ್ ಸಿಗುತ್ತೆ, ನಡುವೆ ಅಗಲ ಗುಂಡಿ ಒತ್ತೊತ್ತಾಗಿ, ಅಂಚಿನಲ್ಲಿ ತೆರೆದ ಓಣಿ. ಹಿಮಾಲಯನ್ 411, ಎಕ್ಸ್‌ಪಲ್ಸ್‌ನಂಥ ಗಾಡಿಗಳು ಕಂಪನಿಯಿಂದ ಬಂದಿದ್ದೇ ಇಂಥ ಟೈರ್‌ನಲ್ಲಿ. ಹೊಲಕ್ಕೆ ದಿನಾ ಹೋಗೋರು ಹಿಂದಿನ ಗಾಲಿಗೆ ಮಾತ್ರ ಸ್ವಲ್ಪ ದಪ್ಪ ಗುಂಡಿಯದು ಹಾಕಿ, ಮುಂದಿನದನ್ನ ಕಂಪನಿ ಹೇಳಿದ ಸೈಜ್‌ನಲ್ಲೇ, ಗಿಡ್ಡ ಗುಂಡಿಯದೇ ಇಟ್ಕೊಳ್ಳೋದು ಒಳ್ಳೇದು. ಜೀವ ಉಳಿಸೋದು ಮುಂದಿನ ಟೈರ್.

ಸೈಜ್ ಜೊತೆಗಿರೋ ಅಂಕಿ ಅಕ್ಷರವನ್ನೂ ಓದಿ. 80/100-18 ಪಕ್ಕದಲ್ಲಿ 54 ಪಿ ಅಂತಿದ್ರೆ, ಆ ಒಂದು ಟೈರ್ 212 ಕೆ.ಜಿ. ಹೊರುತ್ತೆ, ಗಂಟೆಗೆ 150 ಕಿ.ಮೀ. ವರೆಗೆ ತಡೆಯುತ್ತೆ ಅಂತ ಅರ್ಥ. ಮೂರು ಜನ ಕೂತು ಮೇಲೊಂದು ಚೀಲ ಇಡೋರಿಗೆ ಮೊದಲನೇ ಅಂಕಿ ಮುಖ್ಯ. ಇನ್ನು ನಾಲ್ಕು ಅಂಕಿಯ ಗುರುತು, 2324 ಅಂತಿದ್ರೆ 2024ರ 23ನೇ ವಾರ ತಯಾರಾಗಿದ್ದು. ಅಂಗಡಿ ಮುಂದೆ ವರ್ಷಗಟ್ಟಲೆ ನಮ್ಮ ಬಿಸಿಲಿಗೆ ತೂಗುಹಾಕಿದ್ದನ್ನ ಡಿಸ್ಕೌಂಟ್‌ಗೆ ಕೊಟ್ರೂ ಬೇಡ, ರಬ್ಬರ್ ಗಟ್ಟಿಯಾಗಿರುತ್ತೆ. ಸವೆತ ನೋಡೋಕೆ ಓಣಿಯೊಳಗೆ ಸಣ್ಣ ಉಬ್ಬು ಹುಡುಕಿ, ಪಕ್ಕದಲ್ಲಿ ಟಿಡಬ್ಲ್ಯುಐ ಅಂತ ಗುರುತಿರುತ್ತೆ. ದ್ವಿಚಕ್ರ ಟೈರ್‌ನಲ್ಲಿ ಅದರ ಎತ್ತರ 0.8 ಮಿ.ಮೀ. ಗುಂಡಿ ಅಲ್ಲಿಗೆ ಇಳಿದ್ರೆ ಟೈರ್ ಮುಗೀತು ಅಂತ. ಮಳೆಗಾಲದಲ್ಲಿ ವಾಡಿ ರಸ್ತೆಯಲ್ಲಿ ಓಡಾಡೋರು ಅಲ್ಲಿ ತನಕ ಕಾಯೋದೇ ಬೇಡ.

ಡಾಕರ್ ರ‍್ಯಾಲಿ ವಿಡಿಯೋ ನೋಡಿ ಅವರ ಟೈರ್ ಬೇಕು ಅನ್ನೋರು ಇದ್ದಾರೆ. 2015ರಲ್ಲಿ ಆ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಅಲ್ಲಿನ ಬೈಕ್‌ಗಳ ಟೈರ್ ಒಳಗೆ ಟ್ಯೂಬ್ ಬದಲು ಮೂಸ್ ಅನ್ನೋ ಫೋಮ್ ತುಂಬಿರ್ತಾರೆ, ಪಂಕ್ಚರ್ ಅನ್ನೋದೇ ಇರಲ್ಲ. ಅವರು ಟೈರ್ ಬೇಗ ಬೇಗ ಬದಲಾಯಿಸ್ತಾರೆ. ನಾವು ಒಂದು ಜೊತೆಯಲ್ಲಿ ಮೂರು ಮಳೆಗಾಲ ಕಳೀಬೇಕು.

ನನ್ನ ಗಾಡಿಯಲ್ಲಿ ಈಗ ಹಿಂದೆ ಎರಡೂ ಕಡೆ ನಡೆಯೋ ಟೈರ್, ಮುಂದೆ ಕಂಪನಿ ಸೈಜ್‌ನ ರಸ್ತೆ ಟೈರ್. ಬಟನ್ ಟೈರ್ ಜೋಡಿ ಮನೆ ಮಾಳಿಗೆ ಮೇಲಿದೆ, ಅವ್ವ ಅದರೊಳಗೆ ಮಣ್ಣು ತುಂಬಿ ಪುದೀನಾ ಹಾಕಿದ್ದಾಳೆ. ಆ ಕಾಕಾನ ಹೊಲಕ್ಕೆ ಮೊನ್ನೆ ಮತ್ತೆ ಹೋಗಿದ್ದೆ. ಗಾಡಿ ಡಾಂಬರಿನ ಮೇಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ನಡೆದು ಹೋದೆ.